ಅಂಗೈ, ಅಂಗಾಲು

ಆ ಮನೆಯಲ್ಲಿ ಬಸುರಿ ಹೆಂಗಸು ನೀರು ತುಂಬಿದ ಚೊಂಬನ್ನೂ ಎತ್ತುವ ಹಾಗಿರಲಿಲ್ಲ. ಗುಬ್ಬಿ ಬಚ್ಚಲಿಗೆ ಹೊರಟರೆ ಅವಳಮ್ಮ ಬಕೆಟ್ ಹಿಡಿದು ಮುಂದೆ ನಡೆಯುತ್ತಿದ್ದಳು. ಕುರ್ಚಿ ಸರಿಸಲು ಕೈ ಹಾಕಿದರೆ ಇಸ್ತ್ರಿ ಮೇಜಿನ ಹಿಂದಿನಿಂದ ಅಪ್ಪ “ಏಯ್, ಬಿಡು ಬಿಡು” ಎಂದು ಕೂಗುತ್ತಿದ್ದ. ಇನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ದಿನವಿಡೀ ಕೂತು ಒಗೆದ ದಿಂಬಿನ ಕವರುಗಳನ್ನು ಮಡಚುವ ಅಜ್ಜಿಯಂತೂ, ಮೊಮ್ಮಗಳ ಕೈಯಲ್ಲಿ ಪೊರಕೆ ಕಂಡರೆ ಸಾಕು, ಹಾವು ಕಂಡವಳ ಹಾಗೆ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು.

“ಉಸಿರು ಎಳ್ಕೋಬಹುದಾ ಅಜ್ಜಿ? ಅದೂ ಭಾರವಾ?” ಎಂದು ಗುಬ್ಬಿ ನಗುತ್ತಿದ್ದಳು.

“ನಗು ನಗು. ಭಾರ ಎತ್ತಿದ್ರೆ ಏನಾಗುತ್ತೆ ಅಂತ ನಿಮ್ಮಮ್ಮನ್ನ ಕೇಳು.”

ಅಮ್ಮನನ್ನು ಯಾರೂ ಕೇಳುತ್ತಿರಲಿಲ್ಲ. ಆ ಮಾತು ಬಂದಾಗಲೆಲ್ಲ ಅವಳು ಏನೋ ಕೆಲಸ ನೆನಪಾದವಳ ಹಾಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಇಡೀ ಬೀದಿಗೆ ಅವಳು ಲಾಂಡ್ರಿಯಮ್ಮ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಗಂಡನ ಇಸ್ತ್ರಿ ಮೇಜು, ನಡುವೆ ಅಡುಗೆಮನೆ, ಹಿಂದೆ ನೀರಿನ ತೊಟ್ಟಿ, ಒಗೆಯುವ ಕಲ್ಲು, ಎರಡು ದೊಡ್ಡ ಮೆಷಿನು. ತಾರಸಿಯ ಮೇಲೆ ಸಾಲು ಸಾಲು ಹಗ್ಗ. ಊರಿನ ಲಾಡ್ಜುಗಳ ಹಾಸಿಗೆ ಬಟ್ಟೆಯೆಲ್ಲ ಇಲ್ಲಿಗೇ ಬರುತ್ತಿತ್ತು. ಅವಳು ಮದುವೆಯಾಗಿ ಬಂದಾಗ ಮೆಷಿನುಗಳಿರಲಿಲ್ಲ, ಕಲ್ಲೊಂದೇ. ಮೊದಲ ಬಸಿರಿನಲ್ಲಿ, ದಿನ ತುಂಬುತ್ತ ಬಂದಿದ್ದಾಗ, ಮಳೆ ಬರುವ ಹಾಗಿದೆ ಎಂದು ಒದ್ದೆ ಚಾದರಗಳ ಗಂಟನ್ನು ಒಬ್ಬಳೇ ಎತ್ತಿ ಒಳಗೆ ತಂದಿದ್ದಳು. ಅತ್ತೆ, ಅಂದರೆ ಇದೇ ಅಜ್ಜಿ, ಬೇಡ ಬೇಡ ಎಂದು ಕೂಗಿದ್ದು ನಿಜ. ಆ ವಾರವೇ ಹೊಟ್ಟೆಯೊಳಗಿನ ಮಗು ಅಲುಗಾಡುವುದನ್ನು ನಿಲ್ಲಿಸಿತು. ಹುಟ್ಟಿದಾಗ ಅಳಲಿಲ್ಲ. ಅವಳಿಗೆ ತೋರಿಸದೆಯೇ ಬಟ್ಟೆಯಲ್ಲಿ ಸುತ್ತಿ ಒಯ್ದರು. “ಗಂಟು ಎತ್ತಿದ್ಳು, ಮಗು ಹೋಯ್ತು” ಎಂದು ಅತ್ತೆ ಬಂದವರಿಗೆಲ್ಲ ಹೇಳಿದಳು. ಗಂಡ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಡಿ ಆಡಿ ಆ ಮಾತು ಮನೆಯ ಗೋಡೆಗಳಷ್ಟೇ ಗಟ್ಟಿಯಾಗಿ ನಿಂತುಬಿಟ್ಟಿತು. ಲಾಂಡ್ರಿಯಮ್ಮ ಅದನ್ನು ಒಂದು ದಿನವೂ ಅನುಮಾನಿಸಿದವಳಲ್ಲ. ಮುಂದೆ ಗುಬ್ಬಿ ಹುಟ್ಟಿದಳು, ತಿಂಗಳು ತುಂಬುವ ಮುಂಚೆಯೇ, ಹಿಡಿಯಷ್ಟು ಕೂಸಾಗಿ. ಆ ಹೆಸರು ಬಂದದ್ದು ಅದಕ್ಕೇ.

ಈಗ ಆ ಗುಬ್ಬಿಗೇ ಎಂಟನೇ ತಿಂಗಳು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಮದುವೆಯಾದ ಮೇಲೆ ಮಹಡಿಯ ಕೋಣೆಯಲ್ಲೇ ಅವರ ಸಂಸಾರ. ಹತ್ತನೇ ಅಂತಸ್ತಿನಲ್ಲಿ ಲಿಫ್ಟಿನ ಬಾವಿಯೊಳಗೆ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವವನು, ಹೆಂಡತಿ ಒಂದು ಸಲ ಕೆಮ್ಮಿದರೆ ಬೆವರುತ್ತಿದ್ದ.

“ಅತ್ತೆ, ಅವಳ ಕಾಲು ನೋಡಿ. ಬನ್ನಿನ ಥರ ಊದಿದೆ.”

“ಬೆಳಿಗ್ಗೆ ನೋಡೋಣ. ಇಳಿದಿದ್ರೆ ಏನೂ ಇಲ್ಲ. ಮುಖ, ಕೈಯೆಲ್ಲ ಊದಿ ತಲೆನೋವು ಅಂದ್ರೆ ಆಗ ಹೇಳಿ, ಓಡೋಣ.”

ಬೆಳಿಗ್ಗೆಗೆ ಕಾಲು ಇಳಿದಿರುತ್ತಿತ್ತು. ಎದೆಯುರಿಗೆ “ಸ್ವಲ್ಪ ಸ್ವಲ್ಪ ತಿನ್ನು, ತಿಂದ ತಕ್ಷಣ ಉರುಳಬೇಡ” ಎಂದಳು, ಕಡಿಮೆಯಾಯಿತು. ಮೀನಖಂಡ ಹಿಡಿದುಕೊಂಡು ಗುಬ್ಬಿ ಕಿರುಚಿದಾಗ ಹೆಬ್ಬೆರಳು ಹಿಡಿದು ಮೇಲಕ್ಕೆ ಬಗ್ಗಿಸಿದಳು, ಬಿಟ್ಟಿತು. ಹೊಟ್ಟೆ ಬಿಗಿಯಾಗುತ್ತದೆ ಎಂದು ಅಳಿಯ ಕೆಲಸ ಬಿಟ್ಟು ಓಡಿ ಬಂದಾಗ ಮಗಳನ್ನು ಎಡಮಗ್ಗುಲಿಗೆ ಮಲಗಿಸಿ ನೀರು ಕುಡಿಸಿದಳು. ಅವನು ಬೂಟು ಬಿಚ್ಚುವಷ್ಟರಲ್ಲಿ ಅದೂ ಹೋಯಿತು. ಆಸ್ಪತ್ರೆಯ ಡಾಕ್ಟರಮ್ಮ ಕೂಡ “ನಿಮ್ಮಮ್ಮ ಹೇಳಿದ್ದು ಸರಿಯಾಗೇ ಇದೆ” ಎಂದಿದ್ದರು. ಹೀಗೆ ಪ್ರತಿಸಲವೂ ಅವಳ ಮಾತೇ ನಿಜವಾಗಿ, ಮನೆಯವರೆಲ್ಲ ಏನಾದರೂ ಮೊದಲು ಅವಳ ಮುಖ ನೋಡುವುದು ರೂಢಿಯಾಯಿತು. “ಇದೆಲ್ಲ ಇದ್ದದ್ದೇ” ಎಂದು ಅವಳು ಅಂದರೆ ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಅವಳ ಮಾತಿಗೆ ಇಷ್ಟು ಬೆಲೆ ಎಂದೂ ಬಂದಿರಲಿಲ್ಲ.

ತುರಿಕೆ ಶುರುವಾದದ್ದು ಆಗ.

ಮಧ್ಯಾಹ್ನ ಊಟಕ್ಕೆ ಕೂತಾಗ ಗುಬ್ಬಿ ಅನ್ನ ಕಲಸುವುದನ್ನು ಬಿಟ್ಟು ಎಡಗೈಯನ್ನು ಮೇಜಿನ ಅಂಚಿಗೆ ಉಜ್ಜುತ್ತಿದ್ದಳು.

“ಏನೇ ಅದು?”

“ಅಂಗೈ ತುರಿಸುತ್ತೆ ಅಮ್ಮ. ಕಾಲಡೀನೂ. ನಿನ್ನೆ ರಾತ್ರಿಯೆಲ್ಲ ನಿದ್ದೆಯೇ ಇಲ್ಲ.”

“ಎಲ್ಲಿ, ತೋರಿಸು.” ಕೈ ತಿರುಗಿಸಿ ನೋಡಿದಳು. ಗುಳ್ಳೆ ಇಲ್ಲ, ದದ್ದು ಇಲ್ಲ, ಕೆರೆದು ಕೆಂಪಾದದ್ದಷ್ಟೇ. ತಕ್ಷಣ ಗಂಡನ ಕಡೆ ತಿರುಗಿದಳು. “ನೋಡಿದ್ರಾ? ನಿಮ್ಮ ಹೊಸ ಪೌಡರು!”

ಇಸ್ತ್ರಿ ಯಜಮಾನ ಆಗಷ್ಟೇ ಬೇರೆ ಅಂಗಡಿಯಿಂದ ಒಗೆಯುವ ಪೌಡರಿನ ಮೂಟೆ ತರಿಸಿದ್ದ. “ಅದು ಹೇಗೆ? ದಿನಾ ಅದರಲ್ಲಿ ಕೈಯಾಡಿಸೋಳು ನೀನು. ನಿಂಗೆ ತುರಿಸ್ತಿದೆಯಾ?”

“ನನ್ನ ಕೈ ಕಲ್ಲಾಗಿದೆ. ಅವಳದು ಬಸುರಿ ಮೈ. ಆ ಚಾದರದ ಮೇಲೇ ಮಲಗ್ತಾಳಲ್ಲ?”

“ಹಾಗಂದ್ರೆ ಲಾಡ್ಜಲ್ಲಿ ಮಲಗೋರೆಲ್ಲ ಕುಣೀಬೇಕಿತ್ತು.”

“ಬಸುರಿ ಆದಾಗ ಚರ್ಮ ಹಿಗ್ಗುತ್ತೆ, ತುರಿಸದೆ ಏನು ಮಾಡುತ್ತೆ?” ಅಜ್ಜಿ ಬಾಗಿಲಿಂದಲೇ ತೀರ್ಪು ಕೊಟ್ಟಳು. “ಎಣ್ಣೆ ಹಚ್ಚು. ಇವಳಿಗೂ ಹಚ್ಚಿ ಹಚ್ಚಿ ನನ್ನ ಕೈ ಸವೆದಿತ್ತು.”

“ಹೌದಲ್ವಾ ಅತ್ತೆ!” ಲಾಂಡ್ರಿಯಮ್ಮನಿಗೆ ನಗು ಬಂತು. “ನಂಗೂ ಹೀಗೇ ಆಗಿತ್ತು ಕಣೇ ಗುಬ್ಬಿ. ಮರೆತೇಹೋಗಿತ್ತು ನೋಡು. ಇದ್ದದ್ದೇ ಇದು.”

ಮೂಟೆ ವಾಪಸು ಹೋಯಿತು, ಹಳೆಯ ಸೋಪು ಬಂತು. ಗುಬ್ಬಿಯ ಬಟ್ಟೆಗಳನ್ನು ಬೇರೆ ತೆಗೆದಿಟ್ಟು, ನೀರು ತಿಳಿಯಾಗುವವರೆಗೆ ಜಾಲಿಸಿ ಜಾಲಿಸಿ ಲಾಂಡ್ರಿಯಮ್ಮನ ಸೊಂಟ ಬಿದ್ದುಹೋಯಿತು. ತುರಿಕೆ ಜಾಸ್ತಿಯಾಯಿತು. ಗುಬ್ಬಿ ಹಗಲು ತೂಕಡಿಸುವಳು, ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುವಳು. ಬಿಸಿ ಬಿಸಿ ಅನ್ನ ಆರಿಹೋಗುತ್ತಿತ್ತು, ಬೇಯಿಸಿದ ಮೊಟ್ಟೆ ಹಾಗೇ ಉಳಿಯುತ್ತಿತ್ತು. “ನಿದ್ದೆ ಇಲ್ಲದ್ದಕ್ಕೆ ಹಸಿವಿಲ್ಲ” ಎಂದು ತಾಯಿ ಅದಕ್ಕೂ ಕಾರಣ ಹುಡುಕಿದಳು.

ಆ ನಡುವೆ ತಪಾಸಣೆಯ ದಿನ ಬಂತು. ಡಾಕ್ಟರಮ್ಮ ರಕ್ತದೊತ್ತಡ ನೋಡಿದರು, ಹೊಟ್ಟೆ ಅಳೆದರು, ಮಗುವಿನ ಎದೆಬಡಿತ ಕೇಳಿಸಿದರು. ಎಲ್ಲ ಸರಿಯಿತ್ತು. ಹೊರಗೆ ಜನ ತುಂಬಿದ್ದರು.

“ಇನ್ನೇನಾದರೂ ತೊಂದರೆ?”

“ತುರಿಕೆ...” ಗುಬ್ಬಿ ಬಾಯಿ ತೆರೆದಳು.

“ಅದು ಸೋಪಿಂದು ಡಾಕ್ಟ್ರೇ,” ಲಾಂಡ್ರಿಯಮ್ಮ ನಡುವೆ ಬಾಯಿ ಹಾಕಿದಳು. “ನಮ್ಮದು ಲಾಂಡ್ರಿ. ಸೋಪು ಬದಲಾಯಿಸಿದೀವಿ.”

ಡಾಕ್ಟರಮ್ಮ ತಲೆಯಾಡಿಸಿ, ಮೈಗೆ ಹಚ್ಚಲು ಒಂದು ಕ್ರೀಮು ಬರೆದು ಮುಂದಿನವರನ್ನು ಕರೆದರು. ಮನೆಗೆ ಬಂದು ಲಾಂಡ್ರಿಯಮ್ಮ ಅಳಿಯನಿಗೆ ಹೇಳಿದಳು, “ಡಾಕ್ಟ್ರಿಗೂ ಹೇಳಿ ಆಯ್ತಪ್ಪ. ಏನೂ ಇಲ್ಲವಂತೆ.”

ಅಳಿಯ ಆ ದಿನ ಸುಮ್ಮನಾದ. ಆದರೆ ವಾರ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ, ಹೆಂಡತಿಯ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಮಹಡಿ ಇಳಿದು ಬಂದ.

“ಎಲ್ಲಿಗೆ?”

“ನಮ್ಮಕ್ಕನ ಮನೆಗೆ. ಇಲ್ಲಿ ಗಾಳಿಯಲ್ಲೇ ಸೋಪಿದೆ ಅತ್ತೆ. ಸೋಪು ಬದಲಾಯಿಸಿದ್ರೂ ಹೋಗ್ಲಿಲ್ಲ, ಕ್ರೀಮಿಗೂ ಹೋಗ್ಲಿಲ್ಲ. ನಿನ್ನೆ ಅವಳು ನನ್ನ ವೈರ್ ಬ್ರಷ್ ತಗೊಂಡು ಅಂಗಾಲು ಉಜ್ಕೊಳ್ತಿದ್ಳು. ವೈರ್ ಬ್ರಷ್!”

“ಹೆತ್ತ ತಾಯಿ ಮನೆ ಗಾಳಿ ಆಗಲ್ವಾ ಮಗಳಿಗೆ?”

“ನಾನು ಹಾಗಂದ್ನಾ?”

“ಮತ್ತೆ ಇನ್ನೇನಂದ್ರಿ?”

“ಹೋಗ್ಲಿ ಬಿಡೇ,” ಎಂದ ಯಜಮಾನ. “ಸೋಪಾ ಅಲ್ವಾ ಅಂತ ಗೊತ್ತಾಗುತ್ತಲ್ಲ.”

“ಚೀಲ ಅವಳ ಕೈಗೆ ಕೊಡಬೇಡ!” ಅಜ್ಜಿ ಬಾಗಿಲಿಂದ ಕಿರುಚಿದಳು. “ಭಾರ!”

ಲಾಂಡ್ರಿಯಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಅವರು ಹೋದ ಮೇಲೆ ಇಡೀ ದಿನ ಯಾರ ಜೊತೆಗೂ ಮಾತಾಡದೆ ಬಟ್ಟೆ ಹಿಂಡಿದಳು. ಹಾಗಂತ ಊಟ ಕಳಿಸುವುದನ್ನು ಬಿಡಲಿಲ್ಲ. ದಿನಾ ಡಬ್ಬಿ ಹೋಗುತ್ತಿತ್ತು, ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಕೊನೆಗೆ ಸಿಟ್ಟು ಬಿಟ್ಟು ತಾನೇ ಡಬ್ಬಿ ಹಿಡಿದು ಬಸ್ಸು ಹತ್ತಿದಳು.

ಅಳಿಯನ ಅಕ್ಕ ಟೈಲರು. ಎರಡು ಕೋಣೆಯ ಮನೆ, ಕಿಟಕಿಯ ಬಳಿ ಹೊಲಿಗೆ ಮೆಷಿನು, ಒಳ್ಳೆಯ ಬೆಳಕು. ಬಾಗಿಲಲ್ಲಿ ಹಾಸಿದ ಒರಟು ರಬ್ಬರ್ ಮ್ಯಾಟಿನ ಮೇಲೆ ಗುಬ್ಬಿ ನಿಂತಿದ್ದಳು. ಚೌಕಟ್ಟು ಹಿಡಿದುಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಪಾದವನ್ನು ಹಿಂದೆ ಮುಂದೆ ಎಳೆಯುತ್ತಿದ್ದಳು. ಮ್ಯಾಟಿನ ಮೇಲೆ ಅಲ್ಲಲ್ಲಿ ಸಣ್ಣ ಕೆಂಪು ಗೀರುಗಳು.

“ಇಲ್ಲೂ ನಿಂತಿಲ್ವಾ?”

“ಇನ್ನೂ ಜಾಸ್ತಿ ಅಮ್ಮ. ಚರ್ಮದ ಒಳಗೆ ಇರುವೆ ಓಡಾಡಿದ ಹಾಗೆ. ಕೆರೆದ್ರೆ ಸಿಗೋದೇ ಇಲ್ಲ.”

ತಾಯಿ ಬಗ್ಗಿ ಮಗಳ ಕಾಲು ನೋಡಿದಳು. ಆದರೂ, ಅವಳ ಬಾಯಿಂದ ಮೊದಲು ಬಂದ ಮಾತು ಬೇರೆಯೇ. “ನೋಡಿದ್ರಾ? ನಮ್ಮ ಮನೆ ಸೋಪಲ್ಲ! ಸುಮ್ಸುಮ್ನೆ ನಮ್ಮ ಮೇಲೆ ಗೂಬೆ ಕೂರಿಸಿದ್ರಲ್ಲ!” ಆಮೇಲೆ ನೆಲದ ಮೇಲೆ ಕೂತು ಮಗಳ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. “ಇಷ್ಟಕ್ಕೆಲ್ಲ ಹೆದರಬೇಡ. ನಾನು ಒಗೆಯೋ ಕಲ್ಲಿಗೆ ಕಾಲು ಉಜ್ಜಿ ರಕ್ತ ಬರಿಸ್ಕೊಂಡಿದ್ದೆ. ಹೆತ್ತ ಮೇಲೆ ಮಾಯಾಮಂತ್ರದ ಹಾಗೆ ಹೋಯ್ತು.”

ಟೈಲರಕ್ಕ ಹೊಲಿಗೆ ನಿಲ್ಲಿಸಿದಳು. “ಅಮ್ಮ, ಅವಳ ಕಣ್ಣು ಸ್ವಲ್ಪ ಇಲ್ಲಿ ಬೆಳಕಲ್ಲಿ ನೋಡಿ. ನಂಗೆ ಹಳದಿ ಕಾಣುತ್ತೆ. ನಿಮಗೆ?”

“ನಿದ್ದೆಗೆಟ್ಟಿದಾಳಲ್ಲ.”

“ನಿದ್ದೆಗೆಟ್ರೆ ಕೆಂಪಾಗುತ್ತೆ.”

“ಮೂತ್ರ ಕೂಡ ಟೀ ಬಣ್ಣ ಬರ್ತಿದೆ,” ಎಂದಳು ಗುಬ್ಬಿ ಮೆಲ್ಲಗೆ.

“ನೀರು ಕುಡಿಯಲ್ಲ ನೀನು.”

“ಕುಡೀತಾಳೆ. ಬಾಟಲಿ ತುಂಬಿಸೋಳು ನಾನೇ,” ಎಂದಳು ಟೈಲರಕ್ಕ. “ಡಾಕ್ಟ್ರಿಗೆ ತುರಿಕೆ ವಿಷಯ ಹೇಳಿದ್ರಂತಲ್ಲ, ಏನಂತ ಹೇಳಿದ್ರಿ?”

“ಸೋಪಿಂದು ಅಂತ.”

“ಇಲ್ಲಿ ಸೋಪಿಲ್ವಲ್ಲ.”

ಲಾಂಡ್ರಿಯಮ್ಮನ ತೊಡೆಯ ಮೇಲೆ ಮಗಳ ಪಾದಗಳು ತಡೆಯಲಾಗದೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇದ್ದವು. ಅವಳು ಎದ್ದಳು. “ನಡಿ,” ಎಂದಳು.

ಡಾಕ್ಟರಮ್ಮ ಈ ಸಲ ಹೊಟ್ಟೆ ಮುಟ್ಟುವ ಮೊದಲೇ ಕೈ ಹಿಡಿದರು. ಅಂಗೈ ನೋಡಿದರು, ಅಂಗಾಲು ನೋಡಿದರು, ರೆಪ್ಪೆ ಬಿಡಿಸಿ ಕಣ್ಣು ನೋಡಿದರು. ಅಂಗೈಯಲ್ಲೇ ಮೊದಲು ಶುರುವಾಯಿತಾ, ರಾತ್ರಿ ಜಾಸ್ತಿಯಾ, ಊಟ ಸೇರಲ್ವಾ, ಮಲದ ಬಣ್ಣ ಬಿಳಿಚಿದೆಯಾ ಎಂದು ಒಂದೊಂದಾಗಿ ಕೇಳುತ್ತ ಹೋದರು. ಪ್ರತಿಯೊಂದಕ್ಕೂ ಗುಬ್ಬಿಯ ಉತ್ತರ ಹೌದು. ಅವರ ಮುಖದ ನಗು ಯಾವಾಗ ಹೋಯಿತೋ ಲಾಂಡ್ರಿಯಮ್ಮ ಗಮನಿಸಲಿಲ್ಲ, ನೋಡಿದಾಗ ಇರಲಿಲ್ಲ.

“ಹೋದ ಸಲ ನಾನೇ ಅಂಗೈ ಬಿಡಿಸಿ ನೋಡಬೇಕಿತ್ತು,” ಎಂದರು ಡಾಕ್ಟರಮ್ಮ. “ಹೊಟ್ಟೆ ಮೇಲೆ ತುರಿಕೆ ಅಂದ್ರೆ ಚರ್ಮ ಹಿಗ್ಗಿದ್ದಕ್ಕೆ. ಎಣ್ಣೆ ಹಚ್ಚಿದ್ರೆ ತಣ್ಣಗಾಗುತ್ತೆ. ಇದು ಚರ್ಮದ್ದಲ್ಲ. ಲಿವರಿಂದ ಪಿತ್ತರಸ ಸರಿಯಾಗಿ ಇಳೀದೆ ರಕ್ತಕ್ಕೆ ಸೇರ್ತಾ ಇರಬಹುದು. ಬಸುರಿಯರಲ್ಲಿ ಕೆಲವರಿಗೆ ಆಗುತ್ತೆ. ತಾಯಿಗೆ ಕಷ್ಟ, ಅಷ್ಟೆ. ಮಗುವಿಗೆ ಅಪಾಯ. ಇವತ್ತೇ ರಕ್ತ ಕೊಡಿ.”

“ಅಪಾಯ ಅಂದ್ರೆ?” ಗುಬ್ಬಿ ಕೇಳಿದಳು.

“ಮೊದಲು ರಿಪೋರ್ಟ್ ಬರಲಿ.” ಆಮೇಲೆ ಲಾಂಡ್ರಿಯಮ್ಮನ ಕಡೆ ತಿರುಗಿ, ಬರೆಯುತ್ತಲೇ ಕೇಳಿದರು. “ಇದು ಒಮ್ಮೊಮ್ಮೆ ಮನೆತನದಲ್ಲಿ ಬರುತ್ತೆ. ನಿಮಗೆ ಬಸಿರಿನಲ್ಲಿ ಹೀಗೆ ತುರಿಕೆ ಇತ್ತಾ?”

“ಇತ್ತು ಡಾಕ್ಟ್ರೇ! ಅದನ್ನೇ ಹೇಳ್ತಿದೀನಿ ಇವಳಿಗೆ. ಇದೇ ಥರ, ಅಂಗೈ, ಅಂಗಾಲು. ಎರಡು ಬಸಿರಲ್ಲೂ.”

“ಎರಡೂ ಮಕ್ಕಳು ಚೆನ್ನಾಗಿದಾರಾ?”

“ಇವಳು ಎರಡನೇದು. ತಿಂಗಳು ತುಂಬೋ ಮೊದಲೇ ಹುಟ್ಟಿಬಿಟ್ಳು.”

“ಮೊದಲನೇದು?”

ಹೊರಗೆ ಯಾರದೋ ಹೆಸರು ಕೂಗಿದರು. ಚಕ್ರದ ಕುರ್ಚಿಯೊಂದು ಕಿರುಗುಟ್ಟುತ್ತ ಹಾದುಹೋಯಿತು. ಡಾಕ್ಟರಮ್ಮ ತಲೆ ಎತ್ತಿದರು.

“ಮೊದಲನೇದು... ಗಂಟು...” ಎಂದಳು ಲಾಂಡ್ರಿಯಮ್ಮ. “ನಾನು ಗಂಟು ಎತ್ತಿದೆ ಡಾಕ್ಟ್ರೇ. ಒದ್ದೆ ಬಟ್ಟೆ ಗಂಟು.”

“ಹುಟ್ಟುವಾಗಲೇ ಜೀವ ಇರಲಿಲ್ವಾ?”

“ಇರ್ಲಿಲ್ಲ.”

“ಆ ಬಸಿರಲ್ಲೂ ತುರಿಕೆ ಇತ್ತು?”

“ಆಗಲೇ ಜಾಸ್ತಿ. ಕಲ್ಲಿಗೆ ಉಜ್ಜಿದ್ದು ಆಗಲೇ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಚಿಕ್ಕ ವಯಸ್ಸಿನವರು, ಗುಬ್ಬಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. “ಗಂಟು ಎತ್ತಿದ್ದಕ್ಕೆ ಹೊಟ್ಟೆಯೊಳಗಿನ ಮಗು ಹಾಗೆ ಸಾಯೋದಿಲ್ಲಮ್ಮ. ನಾನು ಆವತ್ತು ಇರಲಿಲ್ಲ, ಖಂಡಿತವಾಗಿ ಹೇಳೋಕಾಗಲ್ಲ. ಆದ್ರೆ ನೀವು ಹೇಳಿದ್ದು ಕೇಳಿದ್ರೆ ನಂಗೆ ಅನುಮಾನ ಬರೋದು ಗಂಟಿನ ಮೇಲಲ್ಲ. ಇವರು ಬೇಗ ಹುಟ್ಟಿದ್ದೇ ಒಳ್ಳೇದಾಯ್ತೇನೋ.”

ಗುಬ್ಬಿ ತಾಯಿಯ ಕಡೆ ನೋಡಿದಳು. ಲಾಂಡ್ರಿಯಮ್ಮ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ರಕ್ತ ತೆಗೆಯುವ ಕೋಣೆಗೆ ಮಗಳ ಹಿಂದೆ ಎದ್ದು ನಡೆದಳು, ಕಾಯುವ ಬೆಂಚಿನ ಮೇಲೆ ಕೂತಳು, ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡಳು. ಇದೊಂದೂ ಆಮೇಲೆ ಅವಳ ನೆನಪಿನಲ್ಲಿ ಉಳಿಯಲಿಲ್ಲ.

ಮಗಳನ್ನು ಟೈಲರಕ್ಕನ ಮನೆಗೆ ಬಿಟ್ಟು ಬಂದಾಗ ಅಜ್ಜಿ ಬಾಗಿಲಲ್ಲೇ ಇದ್ದಳು, ಯಜಮಾನ ಮೇಜಿನ ಹಿಂದೆ.

“ಏನಂದ್ರು?”

ಅವಳು ಹೇಳಿದಳು. ನಿಂತಲ್ಲೇ, ಚಪ್ಪಲಿಯನ್ನೂ ಬಿಡದೆ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಗುಬ್ಬಿಯ ವಿಷಯ ಮುಗಿದ ಮೇಲೆ ಇನ್ನೊಂದನ್ನೂ ಹೇಳಿದಳು.

“ಈ ಡಾಕ್ಟ್ರುಗಳಿಗೇನು, ಬಾಯಿಗೆ ಬಂದದ್ದು ಹೇಳ್ತಾರೆ,” ಎಂದಳು ಅಜ್ಜಿ. “ತುರಿಕೆಗೆ ಯಾರಾದ್ರೂ ಸಾಯ್ತಾರಾ?”

“ಗಂಟಿಗೆ ಯಾರಾದ್ರೂ ಸಾಯ್ತಾರಾ ಅತ್ತೆ?”

ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಗೆ ಎದುರಾಡಿದ ಮೊದಲ ಮಾತು ಅದು. ಜೋರಾಗೇನೂ ಆಡಲಿಲ್ಲ. ಅಜ್ಜಿಯ ಕೈಯಲ್ಲಿದ್ದ ದಿಂಬಿನ ಕವರು ಅರ್ಧ ಮಡಚಿದ ಹಾಗೇ ನಿಂತಿತು.

“ಈಗ ಅದೆಲ್ಲ ಯಾಕೆ ತೆಗೀತೀಯೇ,” ಎಂದ ಯಜಮಾನ.

“ಈಗಲ್ದೆ ಇನ್ಯಾವಾಗ ತೆಗೀಲಿ? ನಾನು ಕಾಲು ಉಜ್ಜಿ ಉಜ್ಜಿ ಅಳ್ತಾ ಕೂತಿದ್ದಾಗ ಎಣ್ಣೆ ತಂದು ಕೊಟ್ಟೋರು ನೀವೇ ಅತ್ತೆ. ನಿಮಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ? ಇಷ್ಟು ವರ್ಷ ನಾನು ನನ್ನ ಮಗೂನ ನನ್ನ ಕೈಯಾರೆ ಕೊಂದೆ ಅಂತಲೇ ಅನ್ನ ತಿಂದಿದೀನಿ. ಮೊನ್ನೆ ಮೊನ್ನೆ ನನ್ನ ಮಗಳು ತುರಿಕೆ ಅಂದ್ರೆ, ನಾನೇ ಅವಳ ಬಾಯಿ ಮುಚ್ಚಿಸಿದೆ ಡಾಕ್ಟ್ರ ಮುಂದೆ. ಅವಳು ಚೊಂಬು ಎತ್ತದ ಹಾಗೆ ಕಾಯ್ತಾ ಕೂತಿದ್ವಿ, ಎಲ್ಲರೂ ಸೇರಿ.”

ಆ ಸಂಜೆ ಒಲೆ ಹಚ್ಚಲಿಲ್ಲ. ಯಜಮಾನ ಹೊರಗಿನಿಂದ ಬ್ರೆಡ್ಡು ತಂದ. ಯಾರೂ ಮುಟ್ಟಲಿಲ್ಲ.

ಮರುದಿನ ಅಳಿಯನ ಫೋನು ಬಂತು. ರಿಪೋರ್ಟ್ ಚೆನ್ನಾಗಿಲ್ಲ, ರಕ್ತದಲ್ಲಿ ಪಿತ್ತ ತುಂಬಾನೇ ಜಾಸ್ತಿಯಿದೆ, ಈಗಲೇ ಸೇರಿಸಿಕೊಳ್ಳುತ್ತಾರಂತೆ. ಲಾಂಡ್ರಿಯಮ್ಮ ನೆನೆಹಾಕಿದ ಬಟ್ಟೆಯನ್ನು ತೊಟ್ಟಿಯಲ್ಲೇ ಬಿಟ್ಟು ಹೊರಟಳು.

ಆಸ್ಪತ್ರೆಯಲ್ಲಿ ಮಾತ್ರೆ ಶುರುವಾಯಿತು. ತುರಿಕೆ ಸ್ವಲ್ಪ ತಗ್ಗಿತು. ದಿನಾ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡುತ್ತಿದ್ದರು. ಮಗುವಿನ ಅಲುಗಾಟ ಮಾಮೂಲಿಗಿಂತ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಕರೆಯಿರಿ ಎಂದು ನರ್ಸು ಹೇಳಿದ್ದಳು. ಲಾಂಡ್ರಿಯಮ್ಮ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೂರುತ್ತಿದ್ದಳು.

“ಒದೀತಾ?”

“ಒದೀತು ಅಮ್ಮ.”

“ಈಗ?”

“ಮಗೂಗೂ ಸ್ವಲ್ಪ ಮಲಗೋಕೆ ಬಿಡಮ್ಮ!” ಆಮೇಲೆ ಗುಬ್ಬಿಯೇ ಮೆತ್ತಗಾಗಿ ಕೇಳಿದಳು. “ನಿಂಗೆ ಆಗ... ಗೊತ್ತಾಗಿತ್ತಾ, ನಿಂತಿದ್ದು?”

“ಗೊತ್ತಾಗಿತ್ತು. ಅತ್ತೆಗೆ ಹೇಳ್ದೆ. ದಿನ ತುಂಬಿದ ಮೇಲೆ ಮಗು ಸುಮ್ಮನಾಗುತ್ತೆ, ಇದ್ದದ್ದೇ ಅಂದ್ರು.” ಆ ಕೊನೆಯ ಪದ ಬಾಯಿಂದ ಬಂದ ಕೂಡಲೇ ಅವಳು ಬೆಚ್ಚಿ ನಾಲಿಗೆ ಕಚ್ಚಿಕೊಂಡಳು. ಅದನ್ನೇ ತಾನು ಈ ಮಗಳಿಗೆ ಎಷ್ಟು ಸಲ ಅಂದಿದ್ದಳು!

ತಿಂಗಳು ತುಂಬುವವರೆಗೆ ಕಾಯುವುದಿಲ್ಲ, ನೋವು ಬರಿಸಿ ಹೆರಿಗೆ ಮಾಡಿಸುತ್ತೇವೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅದಕ್ಕೆ ಗೊತ್ತುಮಾಡಿದ ದಿನಕ್ಕೂ ಎರಡು ದಿನ ಮುಂಚೆ, ಮಧ್ಯಾಹ್ನ ಪಟ್ಟಿ ಕಟ್ಟಿದಾಗ ಮಗುವಿನ ಎದೆಬಡಿತ ಇಳಿಯಿತು. ನರ್ಸು ಗುಬ್ಬಿಯನ್ನು ಮಗ್ಗುಲಾಗಿಸಿದಳು. ಏರಿತು, ಮತ್ತೆ ಇಳಿಯಿತು. ಡಾಕ್ಟರಮ್ಮ ಬಂದು ಒಂದು ನಿಮಿಷ ನೋಡಿ, “ಇನ್ನು ಕಾಯೋದು ಬೇಡ, ಆಪರೇಷನ್,” ಎಂದರು. ಅಳಿಯ ಓದದೆಯೇ ಸಹಿ ಹಾಕಿದ. ಮಂಚ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು.

ಆ ಬಾಗಿಲ ಹೊರಗೆ ಲಾಂಡ್ರಿಯಮ್ಮ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು, ಕಿವಿಯಾಗಿ ನಿಂತಳು. ಅಳಿಯ ಏನೋ ಕೇಳಿದ. “ಶ್!” ಎಂದಳು. ಎಲ್ಲೋ ನಲ್ಲಿಯ ನೀರಿನ ಸದ್ದು. ಯಾರದೋ ಫೋನು. ಒಳಗೆ ಏನೂ ಇಲ್ಲ. ಇನ್ನೂ ಏನೂ ಇಲ್ಲ.

ಆಮೇಲೆ ಬೆಕ್ಕಿನ ಮರಿ ಸಿಟ್ಟಾದ ಹಾಗೆ ಒಂದು ಸಣ್ಣ ದನಿ. ನಿಂತಿತು. ಮತ್ತೆ, ಈ ಸಲ ಜೋರಾಗಿ, ಬಿಡದೆ.

ಅಳಿಯ ನಗುತ್ತ ತಿರುಗಿದಾಗ ಲಾಂಡ್ರಿಯಮ್ಮ ನೆಲದ ಮೇಲೆ ಕುಸಿದು ಕೂತಿದ್ದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಗುಬ್ಬಿ ಹುಟ್ಟಿದಾಗ ಕಿಚಿಕಿಚಿ ಎಂದಿದ್ದಳಷ್ಟೆ. ಹುಟ್ಟಿದ ಮಗು ಅಳುವುದು ಅಷ್ಟು ದೊಡ್ಡ ಸದ್ದು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಗಂಡುಮಗು. ಸಣ್ಣದು, ಆದರೆ ಗಟ್ಟಿ. ಕೆಲವೇ ದಿನಗಳಲ್ಲಿ ಗುಬ್ಬಿಯ ತುರಿಕೆ ಹೇಳಹೆಸರಿಲ್ಲದಂತೆ ಹೋಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಮುಂದಿನ ಬಸಿರಿನಲ್ಲಿ ಮತ್ತೆ ಬರುವ ಸಾಧ್ಯತೆ ಹೆಚ್ಚು, ಸೋಪಿನ ಮಾತೆತ್ತದೆ ಮೊದಲೇ ಬಂದು ಹೇಳಬೇಕು ಎಂದರು. ಗುಬ್ಬಿ ನಕ್ಕಳು. ತಾಯಿ ನಗಲಿಲ್ಲ.

ಇಷ್ಟೂ ದಿನ ಲಾಂಡ್ರಿಯಮ್ಮ ಮತ್ತು ಅಜ್ಜಿಯ ನಡುವೆ ಮಾತಿರಲಿಲ್ಲ. ತಟ್ಟೆ ಇಡುವಳು, ತಟ್ಟೆ ತೆಗೆಯುವಳು, ಅಷ್ಟೇ. ಮಗು ಮನೆಗೆ ಬಂದ ದಿನ ಗುಬ್ಬಿ ಅದನ್ನು ಅಜ್ಜಿಯ ಮಡಿಲಿಗೆ ಹಾಕಲು ಹೋದಳು. ಅಜ್ಜಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. “ಬೇಡಮ್ಮ. ನನ್ನ ಕೈ ನಡುಗುತ್ತೆ,” ಎಂದಳು. ದಿಂಬಿನ ಕವರು ಮಡಚುವಾಗ ಆ ಕೈಗಳು ನಡುಗಿದ್ದನ್ನು ಯಾರೂ ನೋಡಿರಲಿಲ್ಲ.

ಸಂಜೆ ಗಂಡಹೆಂಡಿರು ಮಗುವಿನ ಜೊತೆ ಮಹಡಿಯಲ್ಲಿದ್ದರು. ಕೆಳಗೆ ಅಡುಗೆಮನೆಯಲ್ಲಿ ಮೂವರೇ. ಅನ್ನ ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ಕೂತು, ಲಾಂಡ್ರಿಯಮ್ಮ ಗಂಡನನ್ನು ಕೇಳಿದಳು.

“ರೀ, ಅದು ಗಂಡಾ ಹೆಣ್ಣಾ?”

“ಏನಾಗಿದೆ ನಿಂಗೆ? ಗಂಡು ಅಂತ ಬೀದಿಗೆಲ್ಲ ಹೇಳಿ ಬಂದೋಳು ನೀನೇ.”

“ಇದಲ್ಲ. ಅದು.”

ಯಜಮಾನನ ಕೈ ತಟ್ಟೆಯಲ್ಲೇ ನಿಂತಿತು. “ನಂಗೊತ್ತಿಲ್ಲ,” ಎಂದ. “ಅಮ್ಮ ಸುತ್ತಿ ನನ್ನ ಕೈಗೆ ಕೊಟ್ಳು. ಬಿಚ್ಚಿ ನೋಡಬೇಡ ಅಂದ್ಳು. ನಾನು ನೋಡ್ಲಿಲ್ಲ. ಹಾಗೇ... ಇಟ್ಟು ಬಂದೆ.”

“ಇಷ್ಟು ವರ್ಷ ನಿಮಗೂ ಗೊತ್ತಿಲ್ವಾ?”

“ನೀನು ಕೇಳ್ಲಿಲ್ಲ.”

“ಕೇಳೋಕೆ ನಂಗೆಲ್ಲಿ ಬಾಯಿತ್ತು?”

ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಇಬ್ಬರೂ ಅವಳ ಕಡೆ ನೋಡಿದರು. ಅವಳು ಇಬ್ಬರನ್ನೂ ನೋಡದೆ, ಎದುರಿನ ಗೋಡೆಗೆ ಹೇಳಿದಳು.

“ಹೆಣ್ಣು.”

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ದೊಡ್ಡ ಕೂಸು. ಇವಳ ಗುಬ್ಬಿ ಥರ ಅಲ್ಲ, ಮೈ ತುಂಬಿತ್ತು. ತಲೆ ತುಂಬ ಕೂದಲು. ನಾನೇ ಬಿಸಿನೀರಲ್ಲಿ ಮೈ ತೊಳೆದೆ. ಎಲ್ಲೂ ಒಂದು ಗಾಯ ಇರ್ಲಿಲ್ಲ, ಮಲಗಿದ ಹಾಗಿತ್ತು. ನೋಡಿದ್ರೆ ಹೋಗಿದೆ ಅಂತ ಯಾರೂ ಹೇಳ್ತಿರ್ಲಿಲ್ಲ. ಬಂದೋರೆಲ್ಲ ಯಾಕೆ ಹೋಯ್ತು, ಯಾಕೆ ಹೋಯ್ತು ಅಂತ ಕೇಳ್ತಿದ್ರು. ಅದರ ಮುಖದಲ್ಲಿ ನಂಗೇನೂ ಕಾಣ್ಲಿಲ್ಲ. ಗಂಟು ಕಣ್ಣಿಗೆ ಕಂಡಿತ್ತು. ಅದನ್ನೇ ಹೇಳ್ದೆ.” ಈಗ ಸೊಸೆಯ ಕಡೆ ತಿರುಗಿದಳು. “ಹಣೆ ನಿಂದೇ ಹಣೆ. ಅಗಲ.”

ಲಾಂಡ್ರಿಯಮ್ಮ ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದು ಕೂತಿದ್ದಳು. ಕೂಗಾಡುತ್ತಾಳೆ, ಇಲ್ಲ ಎದ್ದು ಹಿತ್ತಲಿಗೆ ಹೋಗುತ್ತಾಳೆ ಎಂದು ಗಂಡ ಕಾದ. ಅವಳು ಎರಡನ್ನೂ ಮಾಡಲಿಲ್ಲ. ಕೂತಲ್ಲಿಂದಲೇ ಅತ್ತೆಯ ಹತ್ತಿರಕ್ಕೆ, ಮೊಣಕಾಲು ಮೊಣಕಾಲಿಗೆ ತಾಗುವಷ್ಟು ಹತ್ತಿರಕ್ಕೆ ಸರಿದಳು.

“ಇನ್ನೊಂದು ಸಲ ಹೇಳಿ ಅತ್ತೆ,” ಎಂದಳು. “ಮೆಲ್ಲಗೆ ಹೇಳಿ.”

ಅಜ್ಜಿ ಮೊದಲಿನಿಂದ ಹೇಳತೊಡಗಿದಳು.